ಗಾಥಿಕ್ ಕಾದಂಬರಿಯಲ್ಲಿ ಸ್ಥಳ ಮತ್ತು ವಾತಾವರಣ

ಗಾಥಿಕ್ ಕಾದಂಬರಿಯು 18ನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ, ಭಯ, ನಿಗೂಢತೆ ಹಾಗೂ ಅತಿಮಾನುಷ ಘಟನೆಗಳಿಗೆ ಪ್ರಾಧಾನ್ಯವಿರುವ ಸಾಹಿತ್ಯ ಪ್ರಕಾರ. ಕಥೆ ನಡೆಯುವ ಸ್ಥಳ ಮತ್ತು ಅಲ್ಲಿನ ವಾತಾವರಣವು ಈ ಪ್ರಕಾರದಲ್ಲಿ ಒಳಿತು ಕೆಡುಕುಗಳನ್ನು ಸೂಚಿಸುವ ಮುಖ್ಯ ಸಾಧನವಾಗಿದೆ. ಪಾಳುಕೋಟೆ, ನೆಲಮಾಳಿಗೆ, ಬಿರುಗಾಳಿ ಮತ್ತು ಕತ್ತಲೆ ಕೆಡುಕಿನ ಸಂಕೇತಗಳಾದರೆ, ತೆರೆದ ಬಯಲು, ಬೆಳಕು ಮತ್ತು ದೇವಾಲಯ ಒಳಿತಿನ ಸಂಕೇತಗಳು. ಪ್ರಕಾರವು ಬೆಳೆದಂತೆ ಈ ಸರಳ ವಿಭಜನೆ ಸಡಿಲಗೊಂಡಿತು. ಸುಂದರವಾದ ಸ್ಥಳದಲ್ಲಿಯೂ ಕ್ರೌರ್ಯವಿರಬಹುದು, ಸ್ಥಳವನ್ನು ನೋಡಿ ಮನುಷ್ಯನನ್ನು ಅಳೆಯುವುದು ತಪ್ಪಾಗಬಹುದು ಎಂಬ ಅರಿವನ್ನು ಈ ಪ್ರಕಾರದ ಉತ್ತಮ ಕೃತಿಗಳು ನೀಡುತ್ತವೆ.

ಹಿನ್ನೆಲೆ

'ಗಾಥಿಕ್' ಎಂಬುದು ಮೂಲತಃ ಗಾಥ್ ಜನಾಂಗಕ್ಕೆ ಸಂಬಂಧಿಸಿದ ಪದ. ಮುಂದೆ ಅದು ಮಧ್ಯಯುಗದ ಯುರೋಪಿನ ಚೂಪು ಕಮಾನುಗಳ ವಾಸ್ತುಶೈಲಿಗೆ ಹೆಸರಾಯಿತು. ಹೊರೇಸ್ ವಾಲ್ಪೋಲ್ 1764ರಲ್ಲಿ ಪ್ರಕಟಿಸಿದ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಈ ಪ್ರಕಾರದ ಮೊದಲ ಕಾದಂಬರಿಯೆಂದು ಪರಿಗಣಿತವಾಗಿದೆ. 1765ರ ಎರಡನೆಯ ಮುದ್ರಣದಲ್ಲಿ ಅದನ್ನು 'ಗಾಥಿಕ್ ಕಥೆ' ಎಂದು ಕರೆಯಲಾಯಿತು. ಇದಕ್ಕೂ ಮೊದಲು, 1757ರಲ್ಲಿ, ಎಡ್ಮಂಡ್ ಬರ್ಕ್ ಭವ್ಯತೆ ಮತ್ತು ಸೌಂದರ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ, ಭಯವು ಭವ್ಯತೆಯ ಮೂಲವೆಂದೂ ಅಸ್ಪಷ್ಟತೆಯು ಭಯವನ್ನು ಹೆಚ್ಚಿಸುತ್ತದೆಯೆಂದೂ ವಾದಿಸಿದ್ದನು. ಗಾಥಿಕ್ ಲೇಖಕರು ಬಳಸಿದ ಮಂಜು, ಮುಸ್ಸಂಜೆ ಮತ್ತು ಪರ್ವತಗಳಿಗೆ ಈ ವಿಚಾರದಲ್ಲಿ ಆಧಾರ ದೊರೆಯುತ್ತದೆ.

ಕೋಟೆ ಮತ್ತು ಕಣಿವೆ

ಆರಂಭದ ಕೃತಿಗಳಲ್ಲಿ ಒಳಿತು ಕೆಡುಕುಗಳ ನಡುವಿನ ಗಡಿ ಸ್ಪಷ್ಟವಾಗಿದೆ. ವಾಲ್ಪೋಲನ ಕಾದಂಬರಿಯಲ್ಲಿ ಮ್ಯಾನ್‌ಫ್ರೆಡನಿಂದ ತಪ್ಪಿಸಿಕೊಳ್ಳುವ ಇಸಬೆಲ್ಲಾ ಕೋಟೆಯ ಸುರಂಗದ ಮೂಲಕ ಇಗರ್ಜಿಯನ್ನು ತಲುಪುತ್ತಾಳೆ. ಕೋಟೆ ಅಧರ್ಮದ ನೆಲೆ, ಇಗರ್ಜಿ ಆಶ್ರಯದ ನೆಲೆ. ಮ್ಯಾನ್‌ಫ್ರೆಡನ ಅಧಿಕಾರವು ಅವನ ಅಜ್ಜ ಮಾಡಿದ ಕೊಲೆಯಿಂದ ಬಂದುದಾದ್ದರಿಂದ ಕೊನೆಯಲ್ಲಿ ಕೋಟೆಯ ಗೋಡೆಗಳೇ ಉರುಳುತ್ತವೆ.

ಆನ್ ರಾಡ್‌ಕ್ಲಿಫ್ ಅವರ 'ದಿ ಮಿಸ್ಟರೀಸ್ ಆಫ್ ಉಡಾಲ್ಫೊ' (1794) ಕಾದಂಬರಿಯಲ್ಲಿ ನಾಯಕಿ ಎಮಿಲಿಯ ತವರು ಫ್ರಾನ್ಸಿನ ಗರೊನ್ ನದಿಯ ದಡದಲ್ಲಿದೆ. ಅವಳನ್ನು ಸೆರೆಯಲ್ಲಿಡುವ ಮಾಂಟೋನಿಯ ಕೋಟೆ ಇಟಲಿಯ ಅಪೆನೈನ್ ಪರ್ವತಗಳಲ್ಲಿದೆ. ಎಮಿಲಿ ಆ ಕೋಟೆಯನ್ನು ಮೊದಲು ಕಾಣುವುದು ಸೂರ್ಯಾಸ್ತದ ಹೊತ್ತಿನಲ್ಲಿ. ಅವಳು ನೋಡುತ್ತಿರುವಂತೆಯೇ ಗೋಡೆಗಳ ಮೇಲಿನ ಬೆಳಕು ಆರುತ್ತದೆ. ಅಲ್ಲಿ ಅತಿಮಾನುಷವೆಂದು ತೋರಿದ ಸಂಗತಿಗಳಿಗೆ ಕೊನೆಯಲ್ಲಿ ಲೌಕಿಕ ಕಾರಣಗಳು ದೊರೆಯುತ್ತವೆ. ಉಳಿಯುವುದು ಮನುಷ್ಯನ ದುರಾಸೆ ಮಾತ್ರ.

ಮನೆ ಮತ್ತು ಮನೆತನ

19ನೆಯ ಶತಮಾನದಲ್ಲಿ ಕೋಟೆಯ ಸ್ಥಾನವನ್ನು ಮನೆ ಆಕ್ರಮಿಸಿತು. ಎಡ್ಗರ್ ಅಲನ್ ಪೋ ಅವರ 'ದಿ ಫಾಲ್ ಆಫ್ ದಿ ಹೌಸ್ ಆಫ್ ಅಷರ್' (1839) ಕಥೆಯ ಶೀರ್ಷಿಕೆಯಲ್ಲಿರುವ 'ಹೌಸ್' ಎಂಬ ಪದಕ್ಕೆ ಮನೆ, ಮನೆತನ ಎಂಬ ಎರಡು ಅರ್ಥಗಳಿವೆ. ಗೋಡೆಯಲ್ಲಿ ಕಾಣುವ ಸಣ್ಣ ಬಿರುಕು ವಂಶದ ಅವನತಿಯ ಗುರುತಾಗಿದ್ದು, ಕುಟುಂಬದ ಕೊನೆಯ ಇಬ್ಬರು ಸತ್ತಾಗ ಮನೆಯೂ ಸೀಳಿ ಕೊಳದಲ್ಲಿ ಮುಳುಗುತ್ತದೆ.

ಎಮಿಲಿ ಬ್ರಾಂಟೆ ಅವರ 'ವದರಿಂಗ್ ಹೈಟ್ಸ್' (1847) ಯಾರ್ಕ್‌ಷೈರಿನ ಬಂಜರು ಬಯಲಿನ ಎರಡು ಮನೆಗಳ ಕಥೆ. ಒಂದು ಗುಡ್ಡದ ಮೇಲೆ ಗಾಳಿಗೆ ಒಡ್ಡಿಕೊಂಡ ಒರಟು ಮನೆ, ಇನ್ನೊಂದು ತಗ್ಗಿನಲ್ಲಿರುವ ನಾಜೂಕಿನ ಮನೆ. ಎರಡನೆಯದು ಒಳಿತಿನ ನೆಲೆಯೆಂದು ಓದುಗ ಭಾವಿಸಬಹುದು. ಆದರೆ ಕಿಟಕಿಯಿಂದ ಇಣುಕುವ ಹೀತ್‌ಕ್ಲಿಫ್ ಮತ್ತು ಕ್ಯಾಥರೀನ್‌ಗೆ ಅಲ್ಲಿ ಕಾಣುವುದು ನಾಯಿಮರಿಗಾಗಿ ಕಿತ್ತಾಡಿದ ಮಕ್ಕಳು. ಆ ಸಭ್ಯರ ಮನೆ ಕ್ಯಾಥರೀನಳನ್ನು ಉಪಚರಿಸಿ, ಅನಾಥ ಹುಡುಗನನ್ನು ಹೊರದಬ್ಬುತ್ತದೆ.

ಹಿಮ ಮತ್ತು ಬೆಂಕಿ

ಮೇರಿ ಶೆಲ್ಲಿ 'ಫ್ರಾಂಕೆನ್‌ಸ್ಟೈನ್' (1818) ಕೃತಿಯನ್ನು ಕಲ್ಪಿಸಿದ್ದು 1816ರ ಬೇಸಿಗೆಯಲ್ಲಿ, ಜಿನೀವಾ ಸರೋವರದ ಬಳಿ. 1815ರಲ್ಲಿ ಇಂದಿನ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸ್ಫೋಟಿಸಿದ ಪರಿಣಾಮವಾಗಿ ಯುರೋಪಿನಲ್ಲಿ ಆ ಬೇಸಿಗೆ ಮಳೆ ಮತ್ತು ಚಳಿಯಿಂದ ಕೂಡಿತ್ತು. ಕಾದಂಬರಿಯ ಜೀವಿಯು ಹಿಮದ ಗುಹೆಗಳಲ್ಲಿ ವಾಸಿಸುವುದು ಅದರ ಸ್ವಭಾವದಿಂದಲ್ಲ. ಬಡ ಕುಟುಂಬವೊಂದರ ಗುಡಿಸಲಿನ ಒಲೆಯ ಬಳಿ ಸ್ಥಳ ಬಯಸಿದ ಅದನ್ನು ಕಣ್ಣಿಲ್ಲದ ಮುದುಕನು ಕರುಣೆಯಿಂದ ಮಾತನಾಡಿಸುತ್ತಾನೆ. ಕಣ್ಣಿರುವ ಮಗ ಹೊಡೆದಟ್ಟುತ್ತಾನೆ. ಬಳಿಕ ಜೀವಿಯು ಆ ಗುಡಿಸಲನ್ನು ಸುಡುತ್ತದೆ. ಕೆಡುಕು ಇಲ್ಲಿ ಸ್ಥಳ ನಿರಾಕರಣೆಯಿಂದ ಹುಟ್ಟುತ್ತದೆ.

ನಗರ

ರಾಬರ್ಟ್ ಲೂಯಿ ಸ್ಟೀವನ್‌ಸನ್ನನ 'ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್' (1886) ಕೃತಿಯಲ್ಲಿ ಗಾಥಿಕ್ ಭಯವು ಲಂಡನ್ ನಗರದೊಳಕ್ಕೆ ಬರುತ್ತದೆ. ಜೆಕಿಲನ ಮನೆಯ ಮುಂಬಾಗಿಲು ಗೌರವಸ್ಥರಿಗೆ ತೆರೆದರೆ, ಬಣ್ಣಗೆಟ್ಟ ಹಿಂಬಾಗಿಲನ್ನು ಹೈಡ್ ಬಳಸುತ್ತಾನೆ. ಎರಡೂ ಒಂದೇ ಮನೆಯ ಬಾಗಿಲುಗಳು, ಒಬ್ಬನೇ ಮನುಷ್ಯನ ಎರಡು ಮುಖಗಳು. ಮಂಜಿಗೆ ಹೆಸರಾದ ಈ ಕೃತಿಯಲ್ಲಿ ಹೈಡ್ ಮುದುಕನೊಬ್ಬನನ್ನು ಕೊಲ್ಲುವುದು ಹುಣ್ಣಿಮೆಯ ತಿಳಿ ಬೆಳದಿಂಗಳಿನಲ್ಲಿ ಎಂಬುದು ಗಮನಾರ್ಹ.

ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ' (1897) ಟ್ರಾನ್ಸಿಲ್ವೇನಿಯಾದ ಕೋಟೆಯಿಂದ ಆರಂಭವಾಗಿ ಇಂಗ್ಲೆಂಡಿಗೆ ಸಾಗುತ್ತದೆ. ಡ್ರಾಕುಲಾ ತನ್ನ ನೆಲದ ಮಣ್ಣನ್ನು 50 ಪೆಟ್ಟಿಗೆಗಳಲ್ಲಿ ತರುತ್ತಾನೆ. ಅವನ ವಂಶದ ಸಜ್ಜನರ ಸಮಾಧಿಗಳಿಂದ ಪಾವನವಾದ ಮಣ್ಣಿನಲ್ಲಿ ಮಾತ್ರ ಅವನು ವಿಶ್ರಮಿಸಬಲ್ಲನೆಂದು ವ್ಯಾನ್ ಹೆಲ್ಸಿಂಗ್ ವಿವರಿಸುತ್ತಾನೆ. ಇದರಂತೆ ಕೆಡುಕಿನ ಬೇರು ಇರುವುದು ಒಳಿತಿನ ನೆಲದಲ್ಲಿಯೇ.

ವಿಡಂಬನೆ ಮತ್ತು ವಿಮರ್ಶೆ

ಜೇನ್ ಆಸ್ಟಿನ್ ಅವರ 'ನಾರ್ಥಾಂಗರ್ ಅಬಿ' (1817ರ ಡಿಸೆಂಬರ್) ಈ ಪ್ರಕಾರದ ವಿಡಂಬನೆ. ಗಾಥಿಕ್ ಕಾದಂಬರಿಗಳನ್ನು ಓದಿದ ಕ್ಯಾಥರೀನ್ ಮಾರ್ಲೆಂಡ್ ಹಳೆಯ ಮಠವೊಂದರಲ್ಲಿ ರಹಸ್ಯಪತ್ರವೆಂದು ಭಾವಿಸಿದ ಹಾಳೆಗಳು ಬಟ್ಟೆ ಒಗೆತದ ಪಟ್ಟಿಗಳಾಗಿರುತ್ತವೆ. ಆದರೆ ಅದೇ ಸುಸಜ್ಜಿತ ಮನೆಯ ಯಜಮಾನನು, ಅವಳು ಶ್ರೀಮಂತಳಲ್ಲವೆಂದು ತಿಳಿದೊಡನೆ, ಅವಳನ್ನು ಒಂಟಿಯಾಗಿ ಹೊರಗಟ್ಟುತ್ತಾನೆ. ಕತ್ತಲೆಯಲ್ಲಿ ಹುಡುಕಿದ ಕೆಡುಕು ಅವಳಿಗೆ ಹಗಲಿನಲ್ಲಿ ಎದುರಾಗುತ್ತದೆ.

ಇಂಗ್ಲಿಷ್ ಲೇಖಕರು ಕೆಡುಕನ್ನು ಇಟಲಿ, ಸ್ಪೇನ್ ಅಥವಾ ಪೂರ್ವ ಯುರೋಪಿನಲ್ಲಿ ಇರಿಸಿದ್ದರ ಹಿಂದೆ ಕ್ಯಾಥೊಲಿಕ್ ಧರ್ಮದ ಮತ್ತು ಪರದೇಶೀಯರ ಬಗೆಗಿನ ಪೂರ್ವಗ್ರಹವಿತ್ತೆಂದು ವಿಮರ್ಶಕರು ಗುರುತಿಸಿದ್ದಾರೆ. ಮ್ಯಾಥ್ಯೂ ಲೂಯಿಸ್‌ನ 'ದಿ ಮಂಕ್' (1796) ಮ್ಯಾಡ್ರಿಡ್ ನಗರದ ಸನ್ಯಾಸಿಯೊಬ್ಬನ ಪತನವನ್ನು ಚಿತ್ರಿಸುವುದು ಇದಕ್ಕೆ ಉದಾಹರಣೆ. ಆದ್ದರಿಂದ ಈ ಕೃತಿಗಳನ್ನು ಅಭ್ಯಸಿಸುವವರು ಸ್ಥಳವು ಯಾವುದನ್ನು ಸೂಚಿಸುತ್ತದೆ ಎಂಬುದರ ಜೊತೆಗೆ, ಅದನ್ನು ಯಾರ ಕಣ್ಣಿನಿಂದ ನೋಡಲಾಗಿದೆ ಎಂಬುದನ್ನೂ ಗಮನಿಸಬೇಕಾಗುತ್ತದೆ.