ಎಡೆದೊರೆ ನಾಡಿಗೆ ಬಂದ ಇಂಗಳೀಕ: ಪಾದರಸದ ಅದಿರು, ರಸೌಷಧ ಮತ್ತು ವಿಷ

ಪೀಠಿಕೆ

ಕೃಷ್ಣಾ–ತುಂಗಭದ್ರೆಯರ ನಡುವಣ ಎಡೆದೊರೆ ನಾಡು ಚಿನ್ನಕ್ಕೆ ಹೆಸರಾದದ್ದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಬೆಳಕಿಗೆ ತಂದ ಸಿ. ಬೀಡನ್ ಕೂಡ ಚಿನ್ನದ ಗಣಿ ಎಂಜಿನಿಯರ್. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸುತ್ತಿನ ನೆಲದಲ್ಲಿ ಪಾದರಸದ ಅದಿರಿನ ಗಣಿ ಇಲ್ಲ. ಇಲ್ಲಿನ ಕಲ್ಲು ಮಣ್ಣಿನ ಕೆಂಪು ಕಬ್ಬಿಣದ್ದು, ಇಂಗಳೀಕದ್ದಲ್ಲ. ಇಂಗಳೀಕವನ್ನು, ಎಂದರೆ ಸಂಸ್ಕೃತ ಗ್ರಂಥಗಳ ಹಿಂಗುಲವನ್ನು, ವೈದ್ಯರು ಗ್ರಂಥಿಗೆ ಅಂಗಡಿಯಲ್ಲಿ ಕೊಳ್ಳಬೇಕಿತ್ತು. ಇದು ಮದ್ದೋ ವಿಷವೋ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸಲಾಗದು. ಅದು ಯಾವ ರೂಪದಲ್ಲಿ, ಯಾವ ದಾರಿಯಿಂದ, ಯಾರ ದೇಹ ಸೇರಿತು ಎಂದು ನೋಡಬೇಕು ಎಂಬುದೇ ಈ ಲೇಖನದ ವಾದ.

ಸರಕಿನ ದಾರಿ

ಸಿಂಧನೂರಿನ ನೈಋತ್ಯಕ್ಕೆ, ತುಂಗಭದ್ರೆಯ ಆಚೆ ದಡದಲ್ಲಿ ವಿಜಯನಗರದ ಪೇಟೆಗಳಿದ್ದವು. ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ 1516ರ ಸುಮಾರಿಗೆ ಅಲ್ಲಿಯ ಸರಕುಗಳನ್ನು ಹೆಸರಿಸುವಾಗ ತಾಮ್ರ, ಕೇಸರಿ, ಅಫೀಮು, ಕರ್ಪೂರಗಳ ಜೊತೆಗೆ ಪಾದರಸವನ್ನೂ ಇಂಗಳೀಕವನ್ನೂ ಸೇರಿಸುತ್ತಾನೆ. 1520ರಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯ ಯುದ್ಧ ಹೂಡಿದ ಕಾಲದಲ್ಲಿ ಈ ವಸ್ತು ನದಿಯಾಚೆಯ ಪೇಟೆಯಲ್ಲೇ ದೊರೆಯುತ್ತಿತ್ತು. ಕನ್ನಡದಲ್ಲಿ ವಿಷವೈದ್ಯ ಅದಕ್ಕೂ ಹಳೆಯದು: ಮಂಗರಾಜನ ‘ಖಗೇಂದ್ರಮಣಿದರ್ಪಣ’ ಸುಮಾರು 1360ರ ಗ್ರಂಥ.

ಬೆಂಕಿ ಮತ್ತು ಬಾಷ್ಪ

ಇಂಗಳೀಕವೆಂದರೆ ಪಾದರಸ ಮತ್ತು ಗಂಧಕದ ಸಂಯುಕ್ತ, ತೂಕದಲ್ಲಿ ಶೇ. 86ರಷ್ಟು ಪಾದರಸವೇ. ರಸಶಾಸ್ತ್ರದ ಗ್ರಂಥವಾದ ‘ರಸರತ್ನಸಮುಚ್ಚಯ’ ಇದನ್ನು ಎಂಟು ಸಾಧಾರಣ ರಸಗಳಲ್ಲಿ ಸೇರಿಸುತ್ತದೆ. ಶೋಧನೆಗೆ, ಎಂದರೆ ಶುದ್ಧಿಗೆ, ಹಸಿಶುಂಠಿಯ ರಸದಲ್ಲಿ ಏಳು ಸಲ ಅರೆದು ಒಣಗಿಸುವ ಕ್ರಮವಿದೆ. ಇದರಿಂದ ಬೆರಕೆ ಕಳೆಯಬಹುದು, ಪುಡಿ ನುಣುಪಾಗಬಹುದು. ಪಾದರಸ ಮಾತ್ರ ಇದ್ದಷ್ಟೇ ಇರುತ್ತದೆ.

ಪಾದರಸವನ್ನು ಬೇರ್ಪಡಿಸಲು ವಿದ್ಯಾಧರ ಯಂತ್ರ ಬಳಸುತ್ತಿದ್ದರು. ಕೆಳಗಿನ ಮಡಕೆಯಲ್ಲಿ ಇಂಗಳೀಕ. ಅದರ ಬಾಯಿಗೆ ಇನ್ನೊಂದು ಮಡಕೆಯನ್ನು ಕೂರಿಸಿ, ಸಂದಿಗೆ ಮಣ್ಣು ಮೆತ್ತಿದ ಬಟ್ಟೆ ಸುತ್ತಿ, ಮೇಲಿನ ಮಡಕೆಗೆ ತಣ್ಣೀರು ತುಂಬುವುದು. ಕೆಳಗೆ ಉರಿ ಹಾಕಿದಾಗ ಅದಿರು ಒಡೆದು ಪಾದರಸ ಆವಿಯಾಗಿ ಏರುತ್ತದೆ. ಮೇಲಿನ ಮಡಕೆಯ ತಳಕ್ಕೆ ತಾಗಿ ತಣಿದು ಹನಿಗಟ್ಟುತ್ತದೆ. ಸಂದಿ ಬಿರುಕು ಬಿಟ್ಟರೆ ಆವಿ ನೇರ ಒಲೆಯ ಮುಂದೆ ಕೂತವರ ಉಸಿರಿಗೆ.

ನುಂಗುವುದಕ್ಕೂ ಉಸಿರಾಡುವುದಕ್ಕೂ ಇರುವ ವ್ಯತ್ಯಾಸ ದೊಡ್ಡದು. ನುಂಗಿದ ಇಂಗಳೀಕದಲ್ಲಿ ಶೇ. 0.2ಕ್ಕಿಂತ ಕಡಿಮೆ ಪಾದರಸ ರಕ್ತ ಸೇರುತ್ತದೆಂದು ಅಂದಾಜಿದೆ; ಉಸಿರಾಡಿದ ಪಾದರಸದ ಆವಿಯಲ್ಲಾದರೆ ಶೇ. 80ರಷ್ಟು ಒಳಗೇ ಉಳಿಯುತ್ತದೆ. ಆವಿ ಮಿದುಳಿಗೂ ತಲುಪುತ್ತದೆ: ಕೈನಡುಕ, ಒಸಡಿನ ಬಾವು, ಜೊಲ್ಲು, ಮರೆವು. ಹೀಗಾಗಿ ಮೊದಲ ಅಪಾಯ ಔಷಧ ಕಾಯಿಸುವ ವೈದ್ಯನಿಗೂ ಅವನ ಕೈಕೆಳಗಿನವರಿಗೂ. ರೋಗಿಗೂ ಅಭಯವಿಲ್ಲ; ತಿಂಗಳುಗಟ್ಟಲೆ ಸೇವಿಸಿದರೆ ಆ ಅಲ್ಪಾಂಶವೂ ಮೂತ್ರಪಿಂಡದಲ್ಲಿ ಕೂಡಿಕೊಳ್ಳುತ್ತದೆ.

ಗುಣ ಯಾವುದರದು?

ಹಿಂಗುಲೇಶ್ವರ, ಆನಂದಭೈರವ, ತ್ರಿಭುವನಕೀರ್ತಿ ರಸಗಳು ಜ್ವರಕ್ಕೆ ಹೆಸರಾದ ಯೋಗಗಳು. ಮೂರರಲ್ಲೂ ಇಂಗಳೀಕವಿದೆ, ಅದರ ಜೊತೆಗೆ ಮೂರರಲ್ಲೂ ವತ್ಸನಾಭಿಯೂ ಹಿಪ್ಪಲಿಯೂ ಇವೆ. ವತ್ಸನಾಭಿ ನರ ಮತ್ತು ಹೃದಯದ ಮೇಲೆ ತೀವ್ರವಾಗಿ ಕೆಲಸ ಮಾಡುವ ಬೇರು. ಆದ್ದರಿಂದ ಜ್ವರ ಇಳಿದ ಅನುಭವವನ್ನು ಇಂಗಳೀಕದ ಗುಣವೆಂದು ಹೇಳಲು ಈ ಯೋಗಗಳು ಸಾಕ್ಷಿಯಾಗಲಾರವು. ಪರಂಪರೆಯ ಅನುಭವವನ್ನು ತಳ್ಳಿಹಾಕದೆಯೂ ಈ ಮಾತನ್ನು ಹೇಳಬಹುದು.

ಉಪಸಂಹಾರ

ಔಷಧ ಮತ್ತು ಪ್ರಸಾಧನ ನಿಯಮಗಳ ‘ಇ(1)’ ಪರಿಶಿಷ್ಟ ಹಿಂಗುಲವನ್ನು ಪಾರದ, ರಸಕರ್ಪೂರ, ಹರಿತಾಳಗಳ ಜೊತೆ ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟಿದೆ. ಇಂಥ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಚೀಟಿಯ ಮೇಲೆ ಇರಬೇಕು. ಪಾದರಸದ ಬಳಕೆ ತಗ್ಗಿಸುವ ಮಿನಮಾಟ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಈ ಕಾನೂನುಗಳು ಮಾರಾಟಕ್ಕೆ ಬಂದ ಸರಕನ್ನು ಕಾಯುತ್ತವೆ. ಮನೆಯಲ್ಲಿ ಮಡಕೆಯಿಟ್ಟು ರಸ ತೆಗೆಯುವವರ ಉಸಿರನ್ನು ಕಾಯಲಾರವು. ಎಡೆದೊರೆಯ ವೈದ್ಯ ಮನೆತನಗಳ ಓಲೆ, ಕಡತಗಳನ್ನು ಸಂಗ್ರಹಿಸುವವರು ಯೋಗಗಳನ್ನು ಮಾತ್ರ ನಕಲು ಮಾಡಿಕೊಂಡರೆ ಸಾಲದು. ಯಾರು ಅರೆದರು, ಯಾರು ಉರಿ ಹಾಕಿದರು, ಅವರ ಮುಪ್ಪು ಹೇಗೆ ಕಳೆಯಿತು ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು. ರಸವೈದ್ಯದ ಚರಿತ್ರೆಯಲ್ಲಿ ರೋಗಿಯ ಪಕ್ಕದಲ್ಲಿ ಅವರಿಗೂ ಜಾಗ ಸಲ್ಲಬೇಕು.