ಮರಣಶಾಸನವೂ ಶಿಲ್ಪಧರ್ಮವೂ: ತುಳುನಾಡಿನ ದತ್ತಿಗಳ ವಿಚಾರ

೧

ಮೂಡಬಿದಿರೆಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ತೋಡಾರು ಎಂಬ ಗ್ರಾಮವಿದೆ. ಅದರ ಸುತ್ತಣ ಮೂಡಬಿದಿರೆ, ಬಂಟವಾಳ, ಬೆಳ್ತಂಗಡಿ ಸೀಮೆಗಳು ಕಲ್ಲು, ಮರ, ಲೋಹ, ತಾಳೆಗರಿ ಎಂಬ ನಾಲ್ಕು ದ್ರವ್ಯಗಳಲ್ಲಿಯೂ ಕೈಗೆಲಸದ ಹಿರಿಮೆಯನ್ನು ಪಡೆದಿವೆ. ಮೂಡಬಿದಿರೆಯಲ್ಲಿ ಕ್ರಿ. ಶ. ೧೪೩೦ರಲ್ಲಿ ಎದ್ದುನಿಂತ ತ್ರಿಭುವನತಿಲಕ ಚೂಡಾಮಣಿ ಬಸದಿ, ಅದೇ ಊರಿನ ಚೌಟರ ಅರಮನೆಯ ಮರದ ಕಂಬಗಳಲ್ಲಿರುವ ನವನಾರೀಕುಂಜರ ಪಂಚನಾರೀತುರಗಗಳು, ಬೆಳ್ತಂಗಡಿ ಸೀಮೆಯ ವೇಣೂರಿನಲ್ಲಿ ೧೬೦೪ರಲ್ಲಿ ಪ್ರತಿಷ್ಠಿತನಾದ ಬಾಹುಬಲಿ, ಸಿದ್ಧಾಂತ ಬಸದಿಯಲ್ಲಿ ಉಳಿದುಬಂದ ಧವಲಾದಿ ಗ್ರಂಥಗಳ ತಾಳೆಯೋಲೆಗಳು, ಇವೆಲ್ಲವೂ ವಿದ್ವಾಂಸರಿಗೆ ಸುಪರಿಚಿತವಾದುವೇ.

ಇವನ್ನು ಮಾಡಿಸಿದವರ ಹೆಸರುಗಳು ಶಾಸನಗಳಲ್ಲಿಯೂ ಚರಿತ್ರೆಯ ಪುಸ್ತಕಗಳಲ್ಲಿಯೂ ನಿಂತಿವೆ. ಆದರೆ ಒಂದು ಬಸದಿಯು ಮುಗಿದು ಇನ್ನೊಂದು ಆರಂಭವಾಗುವವರೆಗಿನ ಕಾಲದಲ್ಲಿ ಶಿಲ್ಪಿಯ ಉಳಿಯೂ ಲಿಪಿಕಾರನ ಕಂಠವೂ ತುಕ್ಕುಹಿಡಿಯದಂತೆ ಕಾಪಾಡಿದುದು ಯಾವುದು ಎಂಬ ಪ್ರಶ್ನೆಯು ಅಷ್ಟಾಗಿ ವಿಚಾರಿಸಲ್ಪಟ್ಟಿಲ್ಲ. ಈ ಪ್ರಶ್ನೆಯು ಕೇವಲ ಪ್ರಾಚೀನವಿಷಯಕವಾದುದಲ್ಲ. ತನ್ನ ಆಸ್ತಿಯ ಒಂದು ಭಾಗವನ್ನು ಕೈಗಸುಬುಗಳ ಪೋಷಣೆಗೆಂದು ಮರಣಶಾಸನದಲ್ಲಿ ಬರೆದಿಡಬೇಕೆಂದು ಇಂದು ಒಬ್ಬ ಗೃಹಸ್ಥನು ಸಂಕಲ್ಪಿಸಿದರೆ, ಆ ದತ್ತಿಯು ಬಾಳುವುದೋ ಬಾಡುವುದೋ ಎಂಬುದು ಇದೇ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ.

೨

ಪ್ರಾಚೀನ ದಾನಶಾಸನಗಳನ್ನು ನೋಡಿದರೆ ಒಂದು ವಿಶೇಷವು ಎದ್ದುಕಾಣುತ್ತದೆ. ಶಿಲ್ಪಿಗೆ ಗೌರವವಿಲ್ಲವೆಂದಲ್ಲ. ಪಟ್ಟದಕಲ್ಲಿನಲ್ಲಿ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ದೇವಾಲಯದ ಸೂತ್ರಧಾರಿಯಾದ ಗುಂಡನಿಗೆ ತ್ರಿಭುವನಾಚಾರಿ ಎಂಬ ಬಿರುದು ದೊರೆಯಿತು. ಅದೇ ರಾಣಿಯು ಗಾಯಕರಿಗೆ ವಿಜಯಾದಿತ್ಯನ ಕಾಲದಿಂದ ಬಂದಿದ್ದ ದತ್ತಿಯನ್ನು ಸ್ಥಿರಪಡಿಸಿದಳು. ಹೀಗೆ ಕಲಾವಿದರಿಗೇ ನೇರವಾಗಿ ಸಂದ ಮರ್ಯಾದೆಗಳುಂಟು. ಆದರೂ ಬಹುಸಂಖ್ಯೆಯ ದಾನಗಳು ಕಲೆಯ ಹೆಸರಿನಲ್ಲಿಲ್ಲ. ದೇವರ ಅಂಗಭೋಗ ರಂಗಭೋಗಗಳಿಗೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ನಂದಾದೀಪಕ್ಕೆ, ಋಷಿಗಳ ಆಹಾರದಾನಕ್ಕೆ, ಶಾಸ್ತ್ರದಾನಕ್ಕೆ ಎಂದೇ ಅವು ಇವೆ. ಜೀರ್ಣೋದ್ಧಾರವೆಂದಾಗ ಕಲ್ಲುಕುಟಿಗನೂ ಬಡಗಿಯೂ, ದೀಪವೆಂದಾಗ ಕಂಚುಗಾರನೂ, ಶಾಸ್ತ್ರದಾನವೆಂದಾಗ ಲಿಪಿಕಾರನೂ ಒಳಗಾಗುತ್ತಾರೆ. ದಾನವು ದೇವರಿಗೆ, ಅದರ ಜೀವನವು ಕುಶಲಿಗೆ.

ಶಾಸ್ತ್ರದಾನದ ದೃಷ್ಟಾಂತವು ಅತಿ ಸ್ಪಷ್ಟವಾದುದು. ಕ್ರಿ. ಶ. ೯೯೩ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದೂ, ಒಂದೂವರೆ ಸಾವಿರ ಜಿನಪ್ರತಿಮೆಗಳನ್ನು ಮಾಡಿಸಿದಳೆಂದೂ ಪ್ರಸಿದ್ಧಿಯಿದೆ. ಸಾಹಿತ್ಯಚರಿತ್ರಕಾರರು ಇದನ್ನು ಕಾವ್ಯಾಭಿಮಾನವೆಂದು ಹೊಗಳುವುದು ಯುಕ್ತವೇ. ಆದರೆ ಸಾವಿರ ಪ್ರತಿಗಳೆಂದರೆ ಓಲೆಯನ್ನು ಹದಮಾಡುವವರು, ಕೊರೆಯುವವರು, ಮಸಿ ತುಂಬುವವರು, ತಿದ್ದುವವರು ಎಂಬಿವರ ಒಂದು ದೊಡ್ಡ ಸಮೂಹಕ್ಕೆ ದೀರ್ಘಕಾಲದ ಉದ್ಯೋಗ. ಒಂದೂವರೆ ಸಾವಿರ ಪ್ರತಿಮೆಗಳೆಂದರೆ ಅಷ್ಟೇ ದೊಡ್ಡ ಎರಕದ ಹಾಗೂ ಕೆತ್ತನೆಯ ಕೆಲಸ. ಧವಲಾ ಗ್ರಂಥದ ಪ್ರತಿಯನ್ನು ದೇಮಿಯಕ್ಕನು ಶುಭಚಂದ್ರ ಸಿದ್ಧಾಂತದೇವರಿಗೂ, ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯು ಮಾಘನಂದಿಗಳಿಗೂ ವ್ರತೋದ್ಯಾಪನೆಯಲ್ಲಿ ಅರ್ಪಿಸಿದರೆಂದು ಆ ಓಲೆಗಳ ಪ್ರಶಸ್ತಿಗಳಿಂದ ತಿಳಿದುಬರುತ್ತದೆ. ವ್ರತವು ಎಷ್ಟು ಮನೆಗಳಲ್ಲಿ ನಡೆಯುವುದೋ ಅಷ್ಟು ಪ್ರತಿಗಳು ಬೇಕು. ಓಲೆಯು ಜೀರ್ಣವಾದಂತೆಲ್ಲ ಮತ್ತೆ ಬರೆಯಬೇಕು. ಹೀಗೆ ಅವಶ್ಯಕತೆಯು ತಾನೇ ತಾನಾಗಿ ಮರುಕಳಿಸುವುದೇ ವಿದ್ಯೆಗೆ ಆಶ್ರಯವಾಯಿತು.

ಮೃತರ ನಿಮಿತ್ತವಾದ ದಾನವೂ ಜೈನಸಮಾಜದಲ್ಲಿ ಪರೋಕ್ಷವಿನಯವೆಂಬ ಹೆಸರಿನಿಂದ ರೂಢಿಯಲ್ಲಿತ್ತು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಶ್ರವಣಬೆಳಗೊಳದಲ್ಲಿ ತನ್ನ ತಾಯಿ ಪೋಚಿಕಬ್ಬೆಗೂ ಗುರುಗಳಾದ ಶುಭಚಂದ್ರರಿಗೂ ನಿಸಿದಿಗಳನ್ನು ಮಾಡಿಸಿದನು. ಆ ಕಾಲದ ಬೆಳಗೊಳದ ಶಾಸನಗಳಲ್ಲಿ ರೂವಾರಿಮುಖತಿಲಕನೆಂಬ ಬಿರುದು ಕಾಣಸಿಗುವುದನ್ನು ಇಲ್ಲಿ ನೆನೆಯಬೇಕು. ಅಗಲಿದವರ ಸ್ಮರಣೆಯು ಬದುಕಿರುವ ರೂವಾರಿಗೆ ಕೆಲಸವೂ ಕೀರ್ತಿಯೂ ಆಗಿ ಪರಿಣಮಿಸಿತು.

೩

ಈ ದಾನಗಳೆಲ್ಲವೂ ಬದುಕಿರುವವರು ಮಾಡಿದುವು. ತಾನು ಸತ್ತ ಬಳಿಕ ಜಾರಿಗೆ ಬರಬೇಕಾದ ಪತ್ರವೆಂಬ ಅರ್ಥದಲ್ಲಿ ಮರಣಶಾಸನವು ನಮ್ಮ ಸ್ಮೃತಿಗಳಲ್ಲಿ ಪ್ರತ್ಯೇಕ ಪ್ರಕರಣವಾಗಿ ಇಲ್ಲ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯು ಪುತ್ರರಿಗೆ ಪಿತ್ರಾರ್ಜಿತದಲ್ಲಿ ಜನ್ಮದಿಂದಲೇ ಸ್ವತ್ವವನ್ನು ಹೇಳುವುದರಿಂದ, ಯಜಮಾನನು ಅದನ್ನು ತನ್ನಿಷ್ಟದಂತೆ ಬರೆದುಕೊಡುವುದಕ್ಕೆ ಅವಕಾಶವು ಕಡಮೆ. ಆದರೆ ಧರ್ಮಕಾರ್ಯಕ್ಕೆ ಮಾತ್ರ ಒಂದು ಬಾಗಿಲು ತೆರೆದಿದ್ದಿತು. ಸ್ವಸ್ಥನಾಗಿರಲಿ ರೋಗಿಯಾಗಿರಲಿ, ಒಬ್ಬನು ಧರ್ಮಕ್ಕೆಂದು ವಾಗ್ದಾನಮಾಡಿ ಕೊಡದೆ ಮೃತನಾದರೆ, ಅವನ ಮಗನಿಂದ ಅದನ್ನು ಕೊಡಿಸತಕ್ಕದ್ದೆಂಬುದು ಕಾತ್ಯಾಯನನ ಅಭಿಪ್ರಾಯ. ಧರ್ಮಾರ್ಥವಾದ ಮರಣಶಾಸನಕ್ಕೆ ಬೀಜವು ಇಲ್ಲಿದೆಯೆನ್ನಬಹುದು.

ಆಧುನಿಕ ನ್ಯಾಯಪದ್ಧತಿಯು ೧೮೭೦ರ ಹಿಂದೂ ಉಯಿಲುಗಳ ಕಾಯಿದೆಯಿಂದಲೂ ೧೯೨೫ರ ಉತ್ತರಾಧಿಕಾರ ಕಾಯಿದೆಯಿಂದಲೂ ಈ ಬೀಜಕ್ಕೆ ಲಿಖಿತರೂಪವನ್ನೂ ಇಬ್ಬರು ಸಾಕ್ಷಿಗಳ ರುಜುವಿನ ನಿಯಮವನ್ನೂ ಕೊಟ್ಟಿತು. ಜೊತೆಗೆ ಒಂದು ಕಠಿಣ ಪಾಠವನ್ನೂ ಕಲಿಸಿತು. ತನ್ನ ಸ್ವತ್ತು ಧರ್ಮಕ್ಕೆ ಸಲ್ಲಬೇಕೆಂದು ಮಾತ್ರ ಬರೆದಿದ್ದ ಮುಂಬಯಿಯ ಒಂದು ಉಯಿಲಿನ ದತ್ತಿಯನ್ನು ೧೮೯೯ರಲ್ಲಿ ಪ್ರಿವಿ ಕೌನ್ಸಿಲು ಅಸಿಂಧುವೆಂದು ತೀರ್ಮಾನಿಸಿತು. ಧರ್ಮವೆಂಬ ಶಬ್ದದ ವ್ಯಾಪ್ತಿಯು ಅನಿಶ್ಚಿತವಾದುದರಿಂದ ನ್ಯಾಯಾಲಯವು ಅದನ್ನು ನಡೆಯಿಸಲಾರದೆಂಬುದು ಕಾರಣ. ಸಂಸ್ಕೃತ ವಿದ್ವಾಂಸರಿಗೆ ಇದು ನೋವಿನ ಮಾತಾಗಿ ತೋರಬಹುದು. ಆದರೆ ನಮ್ಮ ಶಾಸನಕಾರರು ಕೇವಲ ಧರ್ಮಕ್ಕೆಂದು ಬರೆದು ನಿಲ್ಲಿಸಿದವರಲ್ಲ. ಯಾವ ದೇವರಿಗೆ, ಯಾವ ಗದ್ದೆ, ಅದರ ನಾಲ್ಕು ದಿಕ್ಕಿನ ಗಡಿ ಯಾವುದು, ಯಾರ ಕಾಲನ್ನು ತೊಳೆದು ಧಾರೆಯೆರೆದುದು, ಯಾವ ದಿನ ಏನು ನಡೆಯಬೇಕು ಎಂಬುದನ್ನು ಅವರು ಕಲ್ಲಿನಲ್ಲಿ ಕೊರೆಯಿಸಿದರು. ಪ್ರಿವಿ ಕೌನ್ಸಿಲು ಕೇಳಿದ ನಿಶ್ಚಿತತೆಯನ್ನು ಅವರು ಮೊದಲೇ ಕೊಟ್ಟಿದ್ದರು.

೪

ತುಳುನಾಡಿನಲ್ಲಿ ಈ ವಿಷಯಕ್ಕೆ ಇನ್ನೊಂದು ತೊಡಕಿದ್ದಿತು. ಇಲ್ಲಿಯ ಬಂಟರು, ಜೈನರು, ಬಿಲ್ಲವರು ಮೊದಲಾದವರಲ್ಲಿ ಅಳಿಯಸಂತಾನವು ರೂಢಿಯಾಗಿದ್ದು, ಆಸ್ತಿಯು ಸ್ತ್ರೀಸಂತತಿಯ ಮೂಲಕ ಇಳಿದುಬರುತ್ತಿತ್ತು. ಉಳ್ಳಾಲದ ರಾಣಿ ಅಬ್ಬಕ್ಕನು ಸೋದರಮಾವನಾದ ತಿರುಮಲರಾಯ ಚೌಟನ ಬಳಿಕ ಪಟ್ಟವನ್ನೇರಿದುದು ಈ ರೂಢಿಯಿಂದಲೇ. ಕುಟುಂಬದ ಆಸ್ತಿಗೆ ಯಜಮಾನನು ಪಾಲಕನೇ ಹೊರತು ಒಡೆಯನಲ್ಲ. ಬಲಾತ್ಕಾರವಾಗಿ ಪಾಲು ಕೇಳುವ ಹಕ್ಕು ಇಲ್ಲವೆಂದು ೧೮೬೩ರಲ್ಲಿ ಮದ್ರಾಸಿನ ಉಚ್ಚ ನ್ಯಾಯಾಲಯವು ನಿರ್ಣಯಿಸಿದ ಮೇಲಂತೂ, ತೋಡಾರಿನಂತಹ ಗ್ರಾಮದ ಒಬ್ಬ ಬಂಟ ಗೃಹಸ್ಥನು ಸ್ವಾರ್ಜಿತವನ್ನು ಬಿಟ್ಟು ಕುಟುಂಬದ ಗದ್ದೆಯ ಒಂದು ಸೇರು ಭತ್ತವನ್ನೂ ತನ್ನ ಉಯಿಲಿನಿಂದ ಕೊಡುವಂತಿರಲಿಲ್ಲ. ೧೯೪೯ರ ಮದ್ರಾಸ್ ಅಳಿಯಸಂತಾನ ಕಾಯಿದೆಯು ವಿಭಾಗಕ್ಕೆ ದಾರಿ ಮಾಡಿತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ೩೦ನೆಯ ಕಲಮು ಕುಟುಂಬ ಕವರುಗಳಲ್ಲಿರುವ ತನ್ನ ಅಂಶವನ್ನು ಮರಣಶಾಸನದಿಂದ ವಿನಿಯೋಗಿಸುವ ಅಧಿಕಾರವನ್ನು ಸ್ಪಷ್ಟವಾಗಿ ಕೊಟ್ಟಿತು. ಆದುದರಿಂದ ಕುಟುಂಬದ ಸ್ವತ್ತಿನಿಂದ ಉಯಿಲಿನ ಮೂಲಕ ಧರ್ಮಮಾಡುವುದು ಈ ಸೀಮೆಗೆ ಹೊಸತು. ಇನ್ನೂ ಒಂದು ಶತಮಾನವೂ ಆಗಿಲ್ಲ.

ಉಯಿಲಿಲ್ಲದೆ ಹೋಗುವುದರಿಂದ ಏನಾಗುವುದೆಂಬುದಕ್ಕೂ ಮಂಗಳೂರಿನಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. ಅಳಿಯಸಂತಾನಕ್ಕೆ ಸೇರದ ಸಾರಸ್ವತ ಮನೆತನದಲ್ಲಿ ೧೯೦೩ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ತಂದೆ ಅನಂತಯ್ಯ ಧಾರೇಶ್ವರರು ಮರಣಶಾಸನವಿಲ್ಲದೆ ತೀರಿಕೊಂಡಾಗ ಆಕೆಗೆ ಏಳು ವರ್ಷ. ಅಂದಿನ ನ್ಯಾಯದಂತೆ ಸ್ವತ್ತೆಲ್ಲವೂ ಮಲಮಗನಿಗೆ ಸೇರಿತು. ತಾಯಿ ಗಿರಿಜಾಬಾಯಿಯವರು ಮಾಸಾಶನವನ್ನು ನಿರಾಕರಿಸಿ ತಮ್ಮ ಸ್ತ್ರೀಧನದಿಂದಲೇ ಮಕ್ಕಳನ್ನು ಬೆಳೆಸಿದರು. ಹಾಗೆ ಬೆಳೆದ ಮಗಳು ೧೯೫೨ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಲಿಯನ್ನು ನಡೆಯಿಸಿ ದೇಶದ ನೇಕಾರ ಕುಂಬಾರರಿಗೆ ಆಶ್ರಯವಾದರು. ಅನ್ಯರು ಕೊಡುವ ಅಶನಕ್ಕೂ ತನ್ನದೇ ಆದ ನೆಲೆಗೂ ಇರುವ ಅಂತರವನ್ನು ಆಕೆಯ ಬಾಲ್ಯವೇ ಕಲಿಸಿದ್ದಿರಬೇಕು.

೫

ಮತ್ತೆ ಸೀಮೆಯ ಗ್ರಾಮಗಳಿಗೆ ಬರಬಹುದು. ಇಲ್ಲಿ ದೈವಸ್ಥಾನಗಳ ಚಾಕರಿಗೆ ಉಂಬಳಿಯಾಗಿ ಭೂಮಿಯನ್ನು ಬಿಡುತ್ತಿದ್ದರು. ನೇಮವನ್ನು ಕಟ್ಟುವ ಪಂಬದ, ಪರವ, ನಲಿಕೆ ಸಮುದಾಯದವರು ಅಡಕೆಯ ಹಾಳೆಯ ಅಣಿಯನ್ನೂ ತೆಂಗಿನ ಎಳೆಗರಿಯ ಸಿರಿಯನ್ನೂ ತಮ್ಮ ಕೈಯಿಂದಲೇ ಮಾಡುತ್ತಾರೆ. ಸಿರಿಯು ಒಂದು ರಾತ್ರಿಯಲ್ಲಿ ಬಾಡುತ್ತದೆ. ಮುಂದಿನ ನೇಮಕ್ಕೆ ಮತ್ತೆ ಸೀಳಬೇಕು, ಮತ್ತೆ ಹೆಣೆಯಬೇಕು. ತಂದೆಯು ಹೆಣೆಯುವಾಗ ಮಗನು ನೋಡಿ ಕಲಿಯುತ್ತಾನೆ. ಕಲ್ಲಿನ ಕಂಬವು ಆರು ಶತಮಾನ ನಿಂತರೂ ಅದನ್ನು ಕಡೆದವರ ವಂಶದಲ್ಲಿ ಆ ವಿದ್ಯೆಯು ಉಳಿಯುವ ನಿಶ್ಚಯವಿಲ್ಲ. ಒಂದಿರುಳಿನ ಸಿರಿಯ ವಿದ್ಯೆಯಾದರೋ ಉಳಿದುಬಂದಿದೆ.

ಈ ಏರ್ಪಾಡು ನಿರ್ದೋಷವಾಗಿತ್ತೆಂದು ಹೇಳುವಂತಿಲ್ಲ. ಭೂಮಿಯ ಜೊತೆಗೆ ತಲೆಬಾಗಿಲಿನ ಹೊರಗಿನ ಸ್ಥಾನವೂ ಆ ಕುಶಲಿಗಳ ಪಾಲಿಗೆ ಬಂದಿತ್ತು. ೧೯೭೪ರ ಭೂಸುಧಾರಣೆಯಿಂದ ಗೇಣಿಯ ಭೂಮಿಗಳು ಉಳುವವನಿಗೆ ಸೇರಿದುದು ನ್ಯಾಯವೇ ಆಯಿತು. ಆದರೆ ಭೂಮಿಯನ್ನು ಕಳೆದುಕೊಂಡ ದೇವಸ್ಥಾನಗಳಿಗೆ ಪ್ರತಿಯಾಗಿ ಬಂದುದು ನಿಗದಿಯಾದ ನಗದಿನ ತಸ್ತೀಕು. ಗದ್ದೆಯ ಭತ್ತವು ಬೆಲೆಯೊಡನೆ ಏರುತ್ತದೆ; ನಿಗದಿಯಾದ ರೂಪಾಯಿಯು ಏರುವುದಿಲ್ಲ. ಒಂದು ಕಾಲಕ್ಕೆ ಕಂಚುಗಾರನ ವರ್ಷದ ಕೆಲಸಕ್ಕೆ ಸಾಕಾದ ಮೊತ್ತವು ಮುಂದೆ ಎಣ್ಣೆಗೂ ಸಾಲದಾಗುವುದು ಸಹಜ. ಉಯಿಲಿನಲ್ಲಿ ವರ್ಷಕ್ಕೆ ಇಷ್ಟು ರೂಪಾಯಿಯೆಂದು ಬರೆದಿಡುವವರು ಈ ಅನುಭವವನ್ನು ಮರೆಯಬಾರದು.

೬

ಸಂಕಲ್ಪವು ಸಂಕಲ್ಪಿಸಿದವನನ್ನು ಮೀರಿ ಬಾಳಿದುದಕ್ಕೆ ಬೆಳ್ತಂಗಡಿ ಸೀಮೆಯಲ್ಲಿಯೇ ಉತ್ತಮ ದೃಷ್ಟಾಂತವಿದೆ. ಧರ್ಮಸ್ಥಳದಲ್ಲಿ ಬಾಹುಬಲಿಯನ್ನು ಪ್ರತಿಷ್ಠಿಸಬೇಕೆಂದು ರತ್ನವರ್ಮ ಹೆಗ್ಗಡೆಯವರು ಸಂಕಲ್ಪಿಸಿ, ಕಾರ್ಕಳದ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರಿಗೆ ಕೆಲಸವನ್ನು ಒಪ್ಪಿಸಿದರು. ೧೯೬೭ರಲ್ಲಿ ಕಡೆತವು ಆರಂಭವಾಯಿತು. ೧೯೬೮ರಲ್ಲಿ ಹೆಗ್ಗಡೆಯವರು ಕಾಲವಾದರು. ಪುತ್ರರಾದ ವೀರೇಂದ್ರ ಹೆಗ್ಗಡೆಯವರು ಕಾರ್ಯವನ್ನು ಬಿಡದೆ ನಡೆಯಿಸಿ, ೩೯ ಅಡಿಯ ವಿಗ್ರಹವನ್ನು ೧೯೭೩ರಲ್ಲಿ ಕಾರ್ಕಳದಿಂದ ಧರ್ಮಸ್ಥಳಕ್ಕೆ ತರಿಸಿ, ೧೯೮೨ರಲ್ಲಿ ಪ್ರತಿಷ್ಠೆಮಾಡಿಸಿದರು. ಇದನ್ನು ನ್ಯಾಯಾಲಯದ ಅರ್ಥದ ಮರಣಶಾಸನವೆನ್ನಲಾಗದು. ಕಾತ್ಯಾಯನನ ಅರ್ಥದಲ್ಲಿ ಇದು ಅದೇ. ಫಲವಾದರೋ ವಿಗ್ರಹವೊಂದೇ ಅಲ್ಲ. ೧೪೩೨ರಲ್ಲಿ ವೀರಪಾಂಡ್ಯನು ಗೊಮ್ಮಟನನ್ನು ನಿಲ್ಲಿಸಿದ ಅದೇ ಕಾರ್ಕಳದಲ್ಲಿ ಏಕಶಿಲೆಯ ಮಹಾಮೂರ್ತಿಯನ್ನು ಕಡೆಯುವ, ಸಾಗಿಸುವ, ನಿಲ್ಲಿಸುವ ವಿದ್ಯೆಯು ಇಪ್ಪತ್ತನೆಯ ಶತಮಾನದಲ್ಲಿ ಮತ್ತೊಮ್ಮೆ ಕೈಗಳಿಗೆ ಬಂದಿತು. ಮುಂದೆ ಕಾರ್ಕಳದಲ್ಲಿ ಸಿ. ಇ. ಕಾಮತರ ಹೆಸರಿನ ಸಂಸ್ಥೆಯಲ್ಲಿ ತರುಣರಿಗೆ ಕಲ್ಲು ಮರ ಲೋಹಗಳ ಕೆಲಸವನ್ನು ಕಲಿಸುವ ಏರ್ಪಾಡೂ ಆಯಿತು.

ಈ ವಿಚಾರಗಳಿಂದ ತೇಲುವ ನಿರ್ಣಯವಿಷ್ಟು. ಕಸುಬಿಗೆ ದ್ರವ್ಯವನ್ನು ಕೊಟ್ಟರೆ ಕಸುಬುದಾರನು ಒಂದು ವರ್ಷ ಉಣ್ಣುತ್ತಾನೆ. ಕಸುಬಿಗೆ ಕೆಲಸವನ್ನು ಕೊಟ್ಟರೆ ಅವನ ಮಗನೂ ಅದನ್ನು ಕಲಿಯುತ್ತಾನೆ. ಆದುದರಿಂದ ಇಂತಹ ಉಯಿಲನ್ನು ಬರೆಯುವವನು ಕಲಾಪೋಷಣೆಗೆ ಎಂದು ಬರೆದು ನಿಲ್ಲಿಸಬಾರದು. ಯಾವ ಬಸದಿಯ ಅಥವಾ ಗುಡಿಯ ಯಾವ ಮರಗೆಲಸವು ಎಷ್ಟು ವರ್ಷಕ್ಕೊಮ್ಮೆ ನವೀಕೃತವಾಗಬೇಕು, ಅದರಲ್ಲಿ ಹಿರಿಯ ಕುಶಲಿಯ ಜೊತೆಗೆ ಎಷ್ಟು ಮಂದಿ ಕಲಿಯುವವರಿರಬೇಕು, ಕೂಲಿಯು ಕಾಲಕ್ಕೆ ತಕ್ಕಂತೆ ಹೇಗೆ ಏರಬೇಕು, ಲೆಕ್ಕವನ್ನು ನೋಡುವವರು ಯಾರು ಎಂಬುದನ್ನು ಹಳೆಯ ಶಾಸನಕಾರನಂತೆ ಗಡಿಗಲ್ಲು ನೆಟ್ಟು ಹೇಳಬೇಕು.

ಕೊನೆಯದಾಗಿ, ನಮ್ಮ ಶಾಸನಗಳ ಅಂತ್ಯದಲ್ಲಿ ತಪ್ಪದೆ ಬರುವ ಒಂದು ಅಭಿಪ್ರಾಯವುಂಟು: ದಾನಕ್ಕಿಂತಲೂ ಅನ್ಯರು ಕೊಟ್ಟುದರ ಪಾಲನೆಯೇ ಶ್ರೇಯಸ್ಕರವೆಂಬುದು. ಮರಣಶಾಸನವನ್ನು ಬರೆದವನು ಅದರ ಪಾಲನೆಯನ್ನು ನೋಡಲು ಇರುವುದಿಲ್ಲ. ಅವನ ಧರ್ಮವು ಉಳಿದವರ ಕೈಯಲ್ಲಿದೆ. ಆ ಕೈಗಳಲ್ಲಿ ಉಳಿ, ಕಂಠ, ಎಳೆಗರಿಗಳೂ ಇದ್ದರೆ ಮಾತ್ರ ಆ ಪಾಲನೆಯು ಸಾರ್ಥಕವೆನಿಸುವುದು.