ಆತಂಕಕ್ಕೆ ಗುಳಿಗೆ: ಬಳ್ಳಾರಿಯಿಂದ ನೋಡಿದಾಗ

"ಎದಿ ಡವಡವ ಅಂತೈತಿ, ಜೀವಾನ ಹೋದಂಗ ಆಗ್ತೈತಿ." ಬಳ್ಳಾರಿಯ ಗಾಂಧಿನಗರದಂಥ ಬಡಾವಣೆಯಿಂದ ರಾತ್ರೋರಾತ್ರಿ ಆಸ್ಪತ್ರೆಗೆ ಬಂದವರ ಇಸಿಜಿ ಸರಿಯಾಗಿರುತ್ತದೆ. ಇದು ಆತಂಕದ ಕಾಯಿಲೆ ಎಂದು ತಿಳಿದ ಮೇಲೆ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ: ಗುಳಿಗೆ ನುಂಗಬೇಕೆ, ನುಂಗಿದರೆ ಬಿಡಲು ಆಗುತ್ತದೆಯೆ?

ಆ ಭಯ ಹುಟ್ಟಿದ್ದಕ್ಕೆ ಕಾರಣವಿದೆ. 1955ರಲ್ಲಿ ಅಮೆರಿಕದಲ್ಲಿ ಆತಂಕ ಇಳಿಸುವ ಮೆಪ್ರೊಬಮೇಟ್ ಗುಳಿಗೆ ಬಂತು, 1960ರಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್, 1963ರಲ್ಲಿ ಡಯಾಜೆಪಾಮ್. ನುಂಗಿದ ಸ್ವಲ್ಪ ಹೊತ್ತಿಗೇ ಗಾಬರಿ ಇಳಿಯುತ್ತಿದ್ದುದರಿಂದ ವೈದ್ಯರೂ ರೋಗಿಗಳೂ ಅವುಗಳಿಗೆ ಮಾರುಹೋದರು. ತಿಂಗಳುಗಟ್ಟಲೆ ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ, ಹಠಾತ್ತನೆ ನಿಲ್ಲಿಸಿದರೆ ನಡುಕ, ನಿದ್ದೆಗೇಡು, ಕೆಲವರಲ್ಲಿ ಫಿಟ್ಸ್ ಕೂಡ ಬರಬಹುದು ಎಂಬುದು ನಿಧಾನವಾಗಿ ಖಚಿತವಾಯಿತು. ಇಂದಿಗೂ 'ನಿದ್ದೆ ಗುಳಿಗೆ' ಎಂದು ಜನ ಹೆದರುವುದು ಈ ಗುಂಪಿನ ಔಷಧಿಗಳಿಗೇ.

ಅದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆದುಕೊಂಡಿತ್ತು. ಖಿನ್ನತೆಗೆ ಕೊಡುತ್ತಿದ್ದ ಇಮಿಪ್ರಮಿನ್ ಹಠಾತ್ ಗಾಬರಿಯನ್ನೂ ತಡೆಯುತ್ತದೆಂದು 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಡೊನಾಲ್ಡ್ ಕ್ಲೈನ್ ಗುರುತಿಸಿದರು. 1987ರಲ್ಲಿ ಅಮೆರಿಕದಲ್ಲಿ ಫ್ಲೂಆಕ್ಸೆಟಿನ್‌ಗೆ ಅನುಮತಿ ಸಿಕ್ಕಿತು. ಅದೇ ಗುಂಪಿನ ಸರ್ಟ್ರಲಿನ್, ಎಸ್ಸಿಟಲೊಪ್ರಾಮ್ ಇಂದು ಆತಂಕಕ್ಕೆ ವೈದ್ಯರು ಮೊದಲು ಬರೆಯುವ ಔಷಧಿಗಳು. ಇವು ಚಟ ಹಿಡಿಸುವುದಿಲ್ಲ. ಆದರೆ ಗುಣ ಕಾಣಲು ಕೆಲವು ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ, ತಳಮಳ ತುಸು ಹೆಚ್ಚಬಹುದು. ಇದನ್ನು ಮೊದಲೇ ಹೇಳದಿದ್ದರೆ ಎಷ್ಟೋ ಮಂದಿ ಎರಡನೇ ವಾರಕ್ಕೇ ಗುಳಿಗೆ ಎಸೆದುಬಿಡುತ್ತಾರೆ. ಇವುಗಳಿಂದ ಲೈಂಗಿಕ ಆಸಕ್ತಿ ಕುಗ್ಗುವುದನ್ನಂತೂ ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕೇಳುವುದೂ ಇಲ್ಲ.

ಬಳ್ಳಾರಿಗೆ ಈ ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಘೋಷಣೆಯಾದ ಮೇಲೆ, 1985ರಿಂದ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ತಜ್ಞರು ಇದೇ ಜಿಲ್ಲೆಯಲ್ಲಿ ಪ್ರಯೋಗಕ್ಕಿಳಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಔಷಧಿಯನ್ನು ಹತ್ತಿರದಲ್ಲೇ ಸಿಗುವಂತೆ ಮಾಡಿದರು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಈ 'ಬಳ್ಳಾರಿ ಮಾದರಿ'ಯ ಮೇಲೆಯೇ. ಆದರೆ ಅಂದಿನ ಒತ್ತು ತೀವ್ರ ಮನೋರೋಗ, ಮೂರ್ಛೆರೋಗಗಳ ಮೇಲಿತ್ತು. ಕೈತುಂಬ ಕೆಲಸ ಮಾಡುತ್ತಲೇ ಒಳಗೊಳಗೆ ನಡುಗುವವರು ಹಿಂದೆ ಉಳಿದರು. ಅವರನ್ನು ಕಾಯಿಸಿದ್ದು ಆ ಕಾಲದ ಅನಿವಾರ್ಯವಾಗಿರಬಹುದು, ಈಗ ಹಾಗಲ್ಲ.

ನಿರ್ಧಾರದ ಹಕ್ಕು ರೋಗಿಯ ಕೈಗೆ ಕಾನೂನಿನ ಮಾತಾಗಿ ಬಂದದ್ದು ತೀರ ಈಚೆಗೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತಿಳಿದು ಕೊಡುವ ಒಪ್ಪಿಗೆಯನ್ನು ಕೇಳುತ್ತದೆ. ಹಾಗಾದರೆ ಏನೇನು ತಿಳಿದಿರಬೇಕು? ಥೈರಾಯಿಡ್ ಪರೀಕ್ಷೆ ಆಗಿದೆಯೆ, ಗರ್ಭಿಣಿಯೆ, ಬೇರೆ ಯಾವ ಔಷಧಿ ನಡೆಯುತ್ತಿದೆ, ಕುಡಿತವಿದೆಯೆ. ಸೌಮ್ಯ ಆತಂಕವಾದರೆ ಯೋಚನೆಯ ಜಾಡನ್ನೂ ನಡವಳಿಕೆಯನ್ನೂ ತಿದ್ದುವ ಮನೋಚಿಕಿತ್ಸೆಯೊಂದೇ ಸಾಕಾಗಬಹುದು. ಕೆಲಸ, ಊಟ, ನಿದ್ದೆ ಎಲ್ಲ ಕೆಟ್ಟಿದ್ದರೆ ಗುಳಿಗೆಯನ್ನು ಮುಂದೂಡುವುದು ಸುಮ್ಮನೆ ನರಳುವುದೆಂದೇ ನನ್ನ ಅಭಿಪ್ರಾಯ. ಗುಣವಾದ ಮೇಲೂ ಆರು ತಿಂಗಳಿಂದ ವರ್ಷದವರೆಗೆ ಮುಂದುವರಿಸಿ, ವೈದ್ಯರನ್ನು ಕೇಳಿಯೇ ಹಂತಹಂತವಾಗಿ ಇಳಿಸಬೇಕು.

ತೊಡಕಿರುವುದು ಮನೋಚಿಕಿತ್ಸೆಯಲ್ಲಿ. ಸಿರುಗುಪ್ಪ, ಕುರುಗೋಡಿನವರು ಗುಳಿಗೆ ಬರೆಸಿಕೊಳ್ಳಲು ಬಳ್ಳಾರಿಗೆ ಒಮ್ಮೆ ಬಂದು ಹೋಗಬಹುದು, ವಾರವಾರ ಒಂದು ಗಂಟೆ ಕೂತು ಮಾತಾಡಲು ಬಸ್ಸು ಹತ್ತುವುದು ಕೂಲಿಯವರಿಗೆ ಆಗದ ಮಾತು. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲೇ, ಹಗಲಿರುಳು, ಬಿಟ್ಟಿಯಾಗಿ ಕರೆ ಮಾಡಬಹುದು. ಅದು ಮೊದಲ ಮಾತಿಗೆ ಸಾಕು. ಪೂರ್ತಿ ಚಿಕಿತ್ಸೆಗೆ ತಾಲ್ಲೂಕು ಆಸ್ಪತ್ರೆಯಲ್ಲೇ ತರಬೇತಾದ ಮನಶ್ಶಾಸ್ತ್ರಜ್ಞರು ಬೇಕು. ಅವರು ಸಿಗುವವರೆಗೆ 'ಗುಳಿಗೆಯೋ ಮಾತೋ' ಎಂಬ ಆಯ್ಕೆ ಅಲ್ಲಿನವರಿಗೆ ಕಾಗದದ ಮೇಲಷ್ಟೇ ಇರುತ್ತದೆ.